ನೆತ್ತಿಗೆ ಹತ್ತಿದಾಗ

ಊಟದ ನಡುವೆ ಕೆಮ್ಮು ಬಂದರೆ ನಮ್ಮಜ್ಜಿ ತಲೆ ತಟ್ಟಿ, "ನೆತ್ತಿಗೆ ಹತ್ತಿತು, ಯಾರೋ ನೆನೆಸಿಕೊಳ್ತಿದಾರೆ" ಅನ್ನುತ್ತಿದ್ದರು. ಅರವತ್ತು ವರ್ಷ ನಾನೂ ಹಾಗೇ ನಂಬಿದ್ದೆ.

ಹೋದ ವರ್ಷ ನಮ್ಮ ಮನೆಯವರಿಗೆ ಪಾರ್ಶ್ವವಾಯು ಆಯಿತು. ಕೈಕಾಲು ಬೇಗ ಸರಿಹೋದವು. ನೀರು ಕುಡಿದರೆ ಮಾತ್ರ ಕೆಮ್ಮು. ಡಾಕ್ಟರು ಬಿಡಿಸಿ ಹೇಳಿದರು. ಕತ್ತಿನೊಳಗೆ 2 ಕೊಳವೆ: ಮುಂದೆ ಶ್ವಾಸನಾಳ, ಅದರ ಬೆನ್ನಿಗೆ ಅನ್ನನಾಳ. ಅಂದರೆ ಪ್ರತಿ ತುತ್ತೂ ಉಸಿರಿನ ಬಾಗಿಲು ದಾಟಿಯೇ ಹಿಂದಕ್ಕೆ ಹೋಗಬೇಕು! ನುಂಗುವಾಗ ಧ್ವನಿಪೆಟ್ಟಿಗೆ ಮೇಲೇಳುತ್ತದೆ, ಎಪಿಗ್ಲಾಟಿಸ್ ಎಂಬ ಎಲೆಯಂಥ ಮುಚ್ಚಳ ಅದರ ಮೇಲೆ ಬಾಗುತ್ತದೆ, ಉಸಿರು ಒಂದು ಕ್ಷಣ ನಿಲ್ಲುತ್ತದೆ. (ಬಾಯಲ್ಲಿ ತೂಗುವ ಕಿರುನಾಲಿಗೆಯೇ ಆ ಮುಚ್ಚಳ ಅಂದುಕೊಂಡಿದ್ದೆ; ಅದು ಬೇರೆ.) ಮಕ್ಕಳೇ, ಗಂಟಲ ಮೇಲೆ ಬೆರಳಿಟ್ಟು ಉಗುಳು ನುಂಗಿ ನೋಡಿ. ಗಟ್ಟಿಯಾದದ್ದೊಂದು ಮೇಲೆ ಹೋಗಿ ಇಳಿಯುವುದು ತಿಳಿಯುತ್ತದೆ.

ಇವರ ಮುಚ್ಚಳ ತಡವಾಗಿ ಬಾಗುತ್ತಿತ್ತು. ನೀರು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯ ಆಗಬಹುದಂತೆ. ಗದ್ದವನ್ನು ಎದೆಯ ಕಡೆ ಬಗ್ಗಿಸಿ ಗುಟುಕು ಗುಟುಕಾಗಿ ನುಂಗಿ, ಊಟದಲ್ಲಿ ಮಾತು ಬೇಡ ಅಂದರು ಇವರಿಗೆ. ಎಲೆ ಮುಂದೆ ಕೂತರೆ ಕಥೆ ಹೇಳುವ ಮನುಷ್ಯ! ಮೊದಲ ವಾರ ತಟ್ಟೆಯನ್ನೇ ದೂಡಿದರು.

ಮೊಮ್ಮಗಳು ಉಪಾಯ ಮಾಡಿದಳು. "ತಾತ, ಗದ್ದ ಕೆಳಗೆ. ಇವತ್ತು ಕಥೆ ನಾನು ಹೇಳ್ತೀನಿ."

ಅವರದೇ ಕಥೆ, ಅರ್ಧಕ್ಕರ್ಧ ತಪ್ಪು. ತಿದ್ದಲು ಇವರು ಬಾಯಿ ತೆರೆದರೆ ಬೆರಳು ಅಡ್ಡ ಹಿಡಿಯುತ್ತಾಳೆ. ಕೈ ತೊಳೆದ ಮೇಲೆ ಇಬ್ಬರಿಗೂ ಜಗಳ.

ನಿನ್ನೆ ಒಂದು ಲೋಟ ಮಜ್ಜಿಗೆ ಕೆಮ್ಮದೆ ಕುಡಿದರು.