ಚುಚ್ಚುವ ಉಣ್ಣೆ

ಮೆತ್ತಗಿದ್ದರೇ ಒಳ್ಳೆಯ ಉಣ್ಣೆ ಎಂದು ನಂಬಿದವರಿಗೆ ಶಿರಾದ ಪಟ್ಟನಾಯಕನಹಳ್ಳಿ ಸೀಮೆಯ ಕರಿ ಕುರಿಯ ಬೆಲೆ ತಿಳಿಯುವುದು ಕಷ್ಟ. ಮೆರಿನೋ ಉಣ್ಣೆಯ ಎಳೆ 20 ಮೈಕ್ರಾನಿನ ಆಸುಪಾಸು. ದಖ್ಖನಿ ತಳಿಯ ನಮ್ಮ ಈ ಕುರಿಯದು ಅದರ ಹೆಚ್ಚೂಕಡಿಮೆ ಎರಡರಷ್ಟು ದಪ್ಪ, ಜೊತೆಗೆ ಹಲವು ಎಳೆಗಳ ಒಳಗೆ ಟೊಳ್ಳು. ಕತ್ತಿಗೆ ತಗುಲಿದರೆ ಚುಚ್ಚುತ್ತದೆ, ಮಳೆ ಬಿದ್ದರೆ ಕುರಿಯ ವಾಸನೆ ಏಳುತ್ತದೆ. ಈ ಉಣ್ಣೆಯನ್ನೇ ನಾನು ಎರಡು ಕಡ್ಡಿಗಳ ಮೇಲೆ ಹೆಣೆಯುವುದು.

ಶಿರಾ ಸೀಮೆಯಲ್ಲಿ ಈ ಉಣ್ಣೆ ಹುಟ್ಟಿದ್ದೇ ಕಂಬಳಿಗಾಗಿ. ಕುರಿಯನ್ನು ಕೆರೆಯಲ್ಲಿ ಮೈತೊಳೆಸಿ, ಒಣಗಿಸಿ, ವರ್ಷಕ್ಕೆ ಎರಡು ಸಲ ಕತ್ತರಿ ಹಾಕುವುದು ರೂಢಿ. ಕತ್ತರಿಸಿದ್ದನ್ನು ಬಿಲ್ಲಿನಿಂದ ಹಿಂಜಿ, ರಾಟೆಯಲ್ಲಿ ನೂತು, ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಕುಡಿಸಿ, ಗುಣಿಮಗ್ಗಕ್ಕೆ ಏರಿಸುತ್ತಾರೆ. ನೂಲುವುದು ಹೆಂಗಸರು, ನೇಯುವುದು ಗಂಡಸರು. ಹಾಸಿನ ನೂಲಿಗೆ ಹುರಿ ಜಾಸ್ತಿ, ಹೊಕ್ಕಿನದಕ್ಕೆ ಕಡಿಮೆ. ಹೆಣಿಗೆಗೆ ಒಗ್ಗುವುದು ಈ ಎರಡನೆಯದು. ಅದನ್ನೂ ಒಂಟಿ ಎಳೆಯಲ್ಲಿ ಹೆಣೆದರೆ ಬಟ್ಟೆ ಒಂದು ಪಕ್ಕಕ್ಕೆ ವಾಲುತ್ತದೆ, ಒಳಗಿನ ಹುರಿ ಬಿಚ್ಚಿಕೊಳ್ಳಲು ನೋಡುತ್ತಿರುತ್ತದಲ್ಲ! ಎರಡು ಎಳೆ ಜೋಡಿಸಿ ಹಿಮ್ಮುಖವಾಗಿ ಹುರಿ ಹೊಸೆದರೆ ಎರಡರ ಹಟವೂ ಒಂದಕ್ಕೊಂದು ಕಳೆದುಹೋಗಿ ನೂಲು ಸಾಧುವಾಗುತ್ತದೆ.

ಈ ಜೋಡಿ ಹೊಸೆಯುವ ಕೆಲಸ ನನಗೆ ಹೆಣಿಗೆಗಿಂತಲೂ ಪ್ರಿಯ. ಬೆರಳಿಗೆ ಕುರಿಯ ಜಿಡ್ಡು ಹತ್ತುತ್ತದೆ. ಹಿಂಜುವಾಗ ಉಳಿದುಕೊಂಡ ಹುಲ್ಲಿನ ಚೂರು, ಮುಳ್ಳುಗಾಯಿ ಸಿಗುತ್ತವೆ. ಆ ಕುರಿ ಯಾವ ಬೀಳಿನಲ್ಲಿ ಮೇಯ್ದಿತ್ತೆಂದು ಅವನ್ನು ನೋಡಿಯೇ ಹೇಳಬಲ್ಲವರು ಹಟ್ಟಿಗಳಲ್ಲಿದ್ದಾರೆ, ನನಗೆ ಆ ವಿದ್ಯೆ ಬರುವುದಿಲ್ಲ. ಬಣ್ಣದ ಮಾತು ಬೇರೆಯೇ. ಕರಿ ಉಣ್ಣೆ ಎನ್ನುತ್ತೇವೆ, ಆದರೆ ಬಿಸಿಲಿಗೆ ತುದಿಗಳೆಲ್ಲ ಬಾಡಿ ಕಂದಾಗಿರುತ್ತವೆ. ಮೂರು ಕುರಿಯ ಉಣ್ಣೆ ಒಂದೇ ಉಂಡೆಯಲ್ಲಿ ಸೇರಿದರೆ ಹೆಣೆದ ಬಟ್ಟೆಯಲ್ಲಿ ತಾನಾಗಿಯೇ ಪಟ್ಟೆ ಮೂಡುತ್ತದೆ. ಬಣ್ಣದ ಡಬ್ಬಿ ಮುಟ್ಟದೆ ಸಿಗುವ ಈ ಪಟ್ಟೆಯನ್ನು ಯಾವ ನಮೂನೆ ಪುಸ್ತಕವೂ ಕೊಡಲಾರದು.

ಹೊಕ್ಕಿನ ನೂಲು ಕೇಳಿಕೊಂಡು ಹೋದ ಮನೆಯಲ್ಲಿ ರಾಟೆಯ ಮುಂದೆ ಕೂತಿದ್ದ ಅಜ್ಜಿ ನನ್ನ ಕಡ್ಡಿಗಳನ್ನು ತಿರುವಿ ನೋಡಿ, "ಮಗ್ಗ ಇಲ್ಲ, ಲಾಳಿ ಇಲ್ಲ, ಇದೆಂಥ ನೇಯ್ಗೆ ಕಣವ್ವಾ?" ಎಂದಳು. ತಪ್ಪಲ್ಲ. ಕಂಬಳಿಯಲ್ಲಿ ನೂರಾರು ಎಳೆಗಳು ಅಡ್ಡ ಉದ್ದ ಹಾಯುತ್ತವೆ, ಹೆಣಿಗೆಯಲ್ಲಿ ಒಂದೇ ಎಳೆ ತನ್ನ ಕುಣಿಕೆಯೊಳಗೆ ತಾನೇ ನುಸುಳಿಕೊಂಡು ಹೋಗುತ್ತದೆ. ಅದಕ್ಕೇ ಅದು ಜಗ್ಗುತ್ತದೆ. ಕಂಬಳಿ ಜಗ್ಗಬಾರದು, ತಲೆಯ ಮೇಲೆ ಕೊಪ್ಪೆ ಹಾಕಿಕೊಂಡರೆ ಮಳೆಗೆ ನಿಲ್ಲಬೇಕು, ರಾಶಿ ಹೊತ್ತರೆ ಹರಿಯಬಾರದು.

ಪೇಟೆಯಲ್ಲಿ 'ಉಲ್ಲನ್' ಎಂದು ಮಾರುವ ಬಣ್ಣಬಣ್ಣದ ಉಂಡೆಗಳ ಮೇಲೆ ನನಗೆ ಕೋಪವೇನಿಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಕುರಿಯನ್ನೇ ಕಂಡಿಲ್ಲ, ಪೆಟ್ರೋಲಿಯಂನಿಂದ ಬಂದ ಅಕ್ರಿಲಿಕ್. ಒಂದು ತುಂಡಿಗೆ ಕಡ್ಡಿ ಗೀರಿ ಹಚ್ಚಿ ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಪುಡಿಯಾಗುವ ಬೂದಿ ಉಳಿಯುತ್ತದೆ, ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಉಣ್ಣೆ ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ತೇವ ಹೀರಿಕೊಂಡೂ ಮುಟ್ಟಿದವರಿಗೆ ಒದ್ದೆ ಎನ್ನಿಸುವುದಿಲ್ಲ. ಅಕ್ರಿಲಿಕ್‌ಗೆ ಈ ಗುಣ ಇಲ್ಲ.

ಹತ್ತಿಯದು ಇನ್ನೊಂದು ಸ್ವಭಾವ. ಎಳೆದರೆ ಬಗ್ಗುವುದಿಲ್ಲ, ಮಣಿಕಟ್ಟು ನೋಯಿಸುತ್ತದೆ. ಉಣ್ಣೆಯ ಎಳೆಯಲ್ಲಿ ಸಣ್ಣ ಸುಕ್ಕುಗಳಿರುವುದರಿಂದ ಎಳೆದಷ್ಟು ಬಂದು ಮತ್ತೆ ಹಿಂದಕ್ಕೆ ಹೋಗುತ್ತದೆ. ಕುರುಬರಲ್ಲಿ ಹತ್ತಿಕಂಕಣ, ಉಣ್ಣೆಕಂಕಣ ಎಂಬ ಎರಡು ಪಂಗಡಗಳಿವೆ. ಮದುವೆಯಲ್ಲಿ ಕೈಗೆ ಕಟ್ಟುವ ದಾರ ಯಾವುದರದು ಎಂಬುದರಿಂದ ಬಂದ ಹೆಸರು. ನನ್ನನ್ನು ಕೇಳಿದರೆ ಯೋಚಿಸದೆ ಎರಡನೆಯ ಕಡೆಗೆ ಹೋಗಿ ಕೂರುತ್ತೇನೆ.

ಬೇಸರವಾಗುವುದು ಹಟ್ಟಿಯ ರೊಪ್ಪದ ಮುಂದೆ ನಿಂತಾಗ. ಮಾಂಸಕ್ಕೆ ಬೆಲೆ ಇದೆ, ಉಣ್ಣೆಗಿಲ್ಲ. ಮೈಮೇಲೆ ಉಣ್ಣೆಯೇ ಬೆಳೆಯದ, ಎತ್ತರದ ನೆಲ್ಲೂರು ಟಗರನ್ನು ತಂದು ಬಿಡುತ್ತಾರೆ, ಮರಿ ಬೇಗ ತೂಗುತ್ತದೆ. ಸಾಕುವವರ ಲೆಕ್ಕ ಸರಿಯಾಗಿಯೇ ಇದೆ. ಕತ್ತರಿಸಲು ಕೊಡುವ ಕೂಲಿ ಉಣ್ಣೆಯಿಂದ ಹುಟ್ಟದಿದ್ದರೆ ಅದನ್ನು ಬೇಲಿಗೆ ಎಸೆಯದೆ ಇನ್ನೇನು ಮಾಡಿಯಾರು? ನಾನೊಬ್ಬಳು ಒಂದಷ್ಟು ಕೆಜಿ ಕೊಂಡರೆ ಕುರಿಯ ತಳಿ ಉಳಿಯುತ್ತದೆಂಬ ಭ್ರಮೆ ನನಗಿಲ್ಲ.

ಕೊಂಡದ್ದನ್ನು ಅಂಟುವಾಳದ ನೊರೆಯಲ್ಲಿ ನೆನೆಸುತ್ತೇನೆ, ತಿಕ್ಕುವುದಿಲ್ಲ. ಎಳೆಯ ಮೈಯ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡರೆ ಮತ್ತೆ ಬಿಡಿಸಲು ಬ್ರಹ್ಮನಿಗೂ ಆಗದು. ಹೆಣೆಯುವುದು ಕೂರುವ ಆಸನ, ಭುಜಕ್ಕೆ ಹಾಕುವ ಚೀಲ, ಮಾಗಿಯ ಬೆಳಗಿಗೆ ಅಂಗಿಯ ಮೇಲೆ ತೊಡುವ ತೋಳಿಲ್ಲದ ಸ್ವೆಟರು. ಇವಕ್ಕೆ ಮೆರಿನೋ ತಂದರೆ ಎರಡೇ ಮಳೆಗಾಲಕ್ಕೆ ಸವೆದೀತು, ಇದು ಸವೆಯುವ ಜಾತಿಯಲ್ಲ. ಇನ್ನೂ ಮೆತ್ತಗೆ ಬೇಕೆನ್ನುವವರಿಗೆ ಮರಿಯ ಮೊದಲ ಕತ್ತರಿಯ ಉಣ್ಣೆ ಎತ್ತಿಟ್ಟಿರುತ್ತೇನೆ. ಬಾಣಂತಿ ಮನೆಯವರು ಕೂಸಿಗೆ ಕುಲಾವಿ ಕೇಳಿದರೆ ಮಾತ್ರ ತೆಪ್ಪಗೆ ಹತ್ತಿ ನೂಲು ತೆಗೆಯುತ್ತೇನೆ. ಅಷ್ಟೆಲ್ಲ ಹಟ ನನಗಿಲ್ಲ.