ಬರ್ಮಿಂಗ್‌ಹ್ಯಾಮಿನ ಸೇತುವೆಯ ಮೇಲೊಂದು ವಾಕ್ಯಾರ್ಥ

2025ನೆಯ ಇಸವಿಯ ಸೆಪ್ಟೆಂಬರು ತಿಂಗಳಲ್ಲಿ ನಾವು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ಪಟ್ಟಣದಲ್ಲಿ ಮಗನ ಮನೆಯಲ್ಲಿದ್ದೆವು. ಲಂಡನ್ ಪ್ರವಾಸದ ವರ್ಣನೆಗಳು ವಾಚಕರಿಗೆ ಬೇಕಾದಷ್ಟು ದೊರೆತಿರುವುವು. ಬರ್ಮಿಂಗ್‌ಹ್ಯಾಮನ್ನೇ ನೋಡಬೇಕೆಂದು ಹೊರಡುವವರು ವಿರಳ. ಅಲ್ಲಿ ಅರಮನೆಯಿಲ್ಲ, ಸಮುದ್ರವಿಲ್ಲ, ಹೇಳಿಕೊಳ್ಳುವಂತಹ ನದಿಯೂ ಇಲ್ಲ. ಇರುವುದು ಕಾಲುವೆಗಳು. ವೆನಿಸ್ ನಗರಕ್ಕಿಂತ ತಮ್ಮಲ್ಲಿಯೇ ಕಾಲುವೆಗಳು ಹೆಚ್ಚೆಂದು ಊರವರು ಅಭಿಮಾನದಿಂದ ಹೇಳುತ್ತಾರೆ; ಅಳೆದು ನೋಡುವ ಗೋಜಿಗೆ ನಾವು ಹೋಗಲಿಲ್ಲ. ಹಿಂದೆ ಈ ಕಾಲುವೆಗಳಲ್ಲಿ ಕಲ್ಲಿದ್ದಲೂ ಕಬ್ಬಿಣವೂ ದೋಣಿಗಳ ಮೇಲೆ ಬರುತ್ತಿದ್ದವು. ಅಂಗಿಯ ಗುಂಡಿ, ಲೇಖನಿಯ ನಿಬ್ಬು, ಬಂದೂಕು ಇವೆಲ್ಲವೂ ಇಲ್ಲಿ ತಯಾರಾಗಿ ಭೂಮಂಡಲಕ್ಕೆಲ್ಲ ಹರಡಿದವು. ಜೇಮ್ಸ್ ವ್ಯಾಟನು ಬೋಲ್ಟನ್ನನೊಡನೆ ಕೂಡಿ ಉಗಿಯಂತ್ರಗಳನ್ನು ಮಾಡಿಸಿದುದೂ ಈ ಊರಿನಲ್ಲಿಯೇ. ನಾವು ಸಂಸ್ಕೃತದ ಉಪಾಧ್ಯಾಯರಾಗಿದ್ದರೂ, ವಿಜ್ಞಾನದವರು ರಜಾ ಹಾಕಿದ ದಿನಗಳಲ್ಲಿ ವ್ಯಾಟನ ಕಥೆಯನ್ನು ಹುಡುಗರಿಗೆ ಹೇಳಿ ಕಾಲ ಕಳೆದುದುಂಟು.

ನ್ಯೂ ಸ್ಟ್ರೀಟ್ ರೈಲ್ವೆ ನಿಲ್ದಾಣದೊಳಗೆ ಕಾಲಿಟ್ಟೊಡನೆ ಹತ್ತು ಮೀಟರು ಎತ್ತರದ ಒಂದು ಯಂತ್ರವೃಷಭವು ಎದುರಾಗುತ್ತದೆ. 2022ರ ಕಾಮನ್‌ವೆಲ್ತ್ ಕ್ರೀಡಾಕೂಟದ ಉದ್ಘಾಟನೆಗೆಂದು ನಿರ್ಮಿಸಿದ ಈ ಬಸವನನ್ನು ಮರುವರ್ಷ ನಿಲ್ದಾಣದಲ್ಲಿ ನಿಲ್ಲಿಸಿದರು. ಅದು ತಲೆಯಾಡಿಸುತ್ತದೆ, ಕಣ್ಣು ತಿರುಗಿಸುತ್ತದೆ. ಅಭ್ಯಾಸಬಲದಿಂದ ನಾವು ಕೈಮುಗಿದುದನ್ನು ಕಂಡು ಮೊಮ್ಮಗಳು ನಕ್ಕಳು. "ತಾತ, ಅದರ ಹೆಸರು ಓಜಿ" ಎಂದಳು. ಜನರ ಮತವೆತ್ತಿ ಇಟ್ಟ ಹೆಸರಂತೆ. ಯಾರೀತ ಓಜಿ ಎಂದು ಮಗನನ್ನು ಕೇಳಿದೆವು. ಅಲ್ಲಿಂದ ಪ್ರಾರಂಭವಾಯಿತು ಈ ಕಥೆ.

ಹೆವಿ ಮೆಟಲ್ ಎಂಬ ಸಂಗೀತದ ಹೆಸರನ್ನು ವಾಚಕರು ಕೇಳಿರಬಹುದು. ಮನೆಯಲ್ಲಿ ಪ್ರಾಯದ ಹುಡುಗರಿದ್ದರೆ ಬಾಗಿಲು ಹಾಕಿದ ಕೋಣೆಯಿಂದ ಅದರ ನಾದವನ್ನೂ ಕೇಳಿರಬಹುದು. ಭಾರಲೋಹವೆಂದು ಶಬ್ದಾರ್ಥ. ಬೇರೆ ಕಡೆ ಅದು ಕೇವಲ ರೂಢಿ. ಈ ಊರಿನಲ್ಲಿ ಮಾತ್ರ ಯೋಗಾರ್ಥವೂ ಕೂಡಿಕೊಳ್ಳುತ್ತದೆ. ಏಕೆಂದರೆ ಈ ಸಂಗೀತಕ್ಕೆ ಮೂಲಪುರುಷರೆಂದು ಬಹುಜನರು ಒಪ್ಪುವ ಬ್ಲ್ಯಾಕ್ ಸ್ಯಾಬತ್ ಎಂಬ ಮೇಳದ ನಾಲ್ವರೂ ಇಲ್ಲಿಯ ಆಸ್ಟನ್ ಎಂಬ ಕಾರ್ಖಾನೆಗಳ ಮೊಹಲ್ಲಾದ ಸುತ್ತಿನವರು. ಹಾಡುವವನು ಓಜಿ ಓಸ್‌ಬರ್ನ್, ಕೆಲಕಾಲ ಕಸಾಯಿಖಾನೆಯಲ್ಲಿ ದುಡಿದವನು. ಗೀಜರ್ ಬಟ್ಲರ್ ಲೆಕ್ಕಪತ್ರದ ಕೆಲಸ ಕಲಿಯುತ್ತಿದ್ದವನು. ಡ್ರಮ್ಮು ಬಾರಿಸುವವನು ಬಿಲ್ ವಾರ್ಡ್. ನಾಲ್ಕನೆಯವನಾದ ಟೋನಿ ಅಯೋಮಿ ಗಿಟಾರು ನುಡಿಸುವವನು. ಅವನ ವೃತ್ತಾಂತವನ್ನು ಸ್ವಲ್ಪ ವಿಸ್ತರಿಸಿಯೇ ಹೇಳಬೇಕು.

ಅಯೋಮಿ ಹದಿನೇಳನೆಯ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯೊಂದರಲ್ಲಿದ್ದನು. ಸಂಗೀತವನ್ನೇ ನೆಚ್ಚಿ ಬದುಕುವೆನೆಂದು ಕೆಲಸಕ್ಕೆ ಶರಣು ಹೊಡೆದು ಹೊರಡತಕ್ಕ ಕಡೆಯ ದಿನ, ಯಂತ್ರದ ಬಾಯಿಗೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಹಾರಿಹೋದವು. ಅವನು ಎಡಚನಾದುದರಿಂದ ತಂತಿಯನ್ನು ಒತ್ತುವ ಕೈ ಅದೇ. ಎಲ್ಲವೂ ಮುಗಿಯಿತೆಂದು ಕುಳಿತಿದ್ದಾಗ ಕಾರ್ಖಾನೆಯ ಮೇಲ್ವಿಚಾರಕನು ಗ್ರಾಮಫೋನ್ ತಟ್ಟೆಯೊಂದನ್ನು ತಂದು ಕೇಳಿಸಿದನು. ನುಡಿಸಿದವನು ಜ್ಯಾಂಗೊ ರೈನ್‌ಹಾರ್ಟ್. 1928ರ ಒಂದು ಅಗ್ನಿ ಅನಾಹುತದಲ್ಲಿ ಎಡಗೈಯ ಎರಡು ಬೆರಳುಗಳ ಬಲ ಕಳೆದುಕೊಂಡು, ಉಳಿದ ಬೆರಳುಗಳಿಂದಲೇ ಪ್ರಸಿದ್ಧನಾದ ವಾದಕನೀತ. ಅಯೋಮಿ ಎದ್ದು ಕುಳಿತನು. ಪ್ಲಾಸ್ಟಿಕ್ ಸೀಸೆಯನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡು, ಮೇಲೆ ಚರ್ಮ ಹೊದಿಸಿ, ತೆಳು ತಂತಿಗಳನ್ನು ಕಟ್ಟಿ ಮರಳಿ ಸಾಧನೆಗೆ ಕುಳಿತನು. ಮುಂದೆ ತಂತಿಯ ಬಿಗಿಯನ್ನು ಸಡಿಲಿಸಿ ಶ್ರುತಿಯನ್ನು ತಗ್ಗಿಸಿದನು. ಭಾರಲೋಹದ ಆ ಭಾರವಾದ ನಾದಕ್ಕೆ ಗಾಯಗೊಂಡ ಕೈಯೂ ಒಂದು ಕಾರಣ.

ಮಗನು 1970ರ ಫೆಬ್ರವರಿಯಲ್ಲಿ ಹೊರಬಂದ ಅವರ ಮೊದಲ ಆಲ್ಬಮ್ಮಿನ ಮೊದಲ ಹಾಡನ್ನು ನಮಗೆ ಕೇಳಿಸಿದನು. ಮೊದಲು ಮಳೆಯ ಸದ್ದು, ದೂರದ ಗಂಟೆ. ಆಮೇಲೆ ಷಡ್ಜ, ಅಲ್ಲಿಂದ ಮೇಲಿನ ಷಡ್ಜಕ್ಕೆ ನೆಗೆತ, ಅಲ್ಲಿಂದ ಪ್ರತಿಮಧ್ಯಮಕ್ಕೆ ಇಳಿದು ನಿಂತುಬಿಡುವುದು. ಪಂಚಮದ ಆಸರೆ ಸಿಕ್ಕೀತೆಂದು ಕಿವಿ ಕಾಯುತ್ತದೆ; ಅದು ಸಿಕ್ಕುವುದಿಲ್ಲ. ಅಂಜಿಕೆ ಹುಟ್ಟಿಸಬೇಕೆಂಬುದೇ ಉದ್ದೇಶವಾದರೆ ಬಲ್ಲವರೇ ಮಾಡಿದ ಕೆಲಸವೆಂದು ನಾವು ಒಪ್ಪಿಕೊಂಡೆವು. ಮಗನ ಮುಖವರಳಿತು. ಅದಕ್ಕೆ ಹಳೆಯ ಕಾರಣವುಂಟು. 2007ರ ಮಾರ್ಚಿಯಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ಎಂಬ ಲಂಡನ್ನಿನ ಮೇಳದ ಕಚೇರಿ ನಡೆದಾಗ, ಸ್ನೇಹಿತನ ಮನೆಯಲ್ಲಿ ಓದಿಕೊಳ್ಳುವೆನೆಂದು ಹೇಳಿ ಮೈಸೂರಿನಿಂದ ರೈಲು ಹತ್ತಿದ್ದವನೀತ. ನಾವು ಒಂದು ತಿಂಗಳು ಅವನೊಡನೆ ಮಾತನಾಡಿರಲಿಲ್ಲ.

ಮರುದಿನ ಭಾನುವಾರ. ಬ್ರಾಡ್ ಸ್ಟ್ರೀಟ್ ಎಂಬ ದೊಡ್ಡ ಬೀದಿಯು ಕಾಲುವೆಯನ್ನು ದಾಟುವ ಸೇತುವೆಗೆ ಈಗ ಬ್ಲ್ಯಾಕ್ ಸ್ಯಾಬತ್ ಸೇತುವೆಯೆಂದೇ ಹೆಸರು. ಅದರ ಮೇಲೆ 2019ರಲ್ಲಿ ಸ್ಥಾಪಿಸಿದ ಲೋಹದ ಬೆಂಚಿಗೆ ನಾಲ್ವರ ಮುಖಗಳನ್ನೂ ಜೋಡಿಸಿದ್ದಾರೆ. ಕೆಳಗೆ ಕಾಲುವೆಯ ನೀರು, ಪಕ್ಕದಲ್ಲಿ ಟ್ರ್ಯಾಮಿನ ಓಡಾಟ. ಓಜಿ ಓಸ್‌ಬರ್ನ್ 2025ರ ಜುಲೈ 22ರಂದು ತೀರಿಕೊಂಡನು. ಆತನಿಗೆ ಎಪ್ಪತ್ತಾರು ವಯಸ್ಸು. 30ರಂದು ಶವಯಾತ್ರೆಯು ಈ ಬೀದಿಯಲ್ಲಿ ಬಂದು ಇದೇ ಸೇತುವೆಯ ಮೇಲೆ ನಿಂತಿತಂತೆ. ನಾವು ಹೋದಾಗಲೂ ಬೆಂಚಿನ ಬುಡದಲ್ಲಿ ಕೆಲವು ಹೂಗೊಂಚಲುಗಳಿದ್ದವು. ಸುತ್ತ ನಿಂತವರದೆಲ್ಲ ಕರಿಯ ಅಂಗಿ. ನಮಗೆ ಫಕ್ಕನೆ ಜ್ಞಾಪಕಕ್ಕೆ ಬಂದವರು ಮಾಲೆ ಧರಿಸಿ ಶಬರಿಮಲೆಗೆ ಹೊರಟವರು. ಗಡ್ಡವೂ ಹಾಗೆಯೇ ಬೆಳೆದಿತ್ತು.

ಅಲ್ಲಿ ಮೂವರು ವಾದದಲ್ಲಿದ್ದರು. ಒಬ್ಬರು ಎಪ್ಪತ್ತು ದಾಟಿದ ವೃದ್ಧರು, ಕಾರ್ಖಾನೆಯಲ್ಲಿ ಅಚ್ಚಿನ ಯಂತ್ರದ ಮುಂದೆ ಆಯುಷ್ಯ ಕಳೆದವರು, ಕಿವಿಗೆ ಯಂತ್ರವಿಟ್ಟುಕೊಂಡಿದ್ದರು. ಇನ್ನೊಬ್ಬನು ಕಾಲೇಜಿನ ಹುಡುಗ. ಮೂರನೆಯವರು ಹೂವಿಡಲೆಂದು ನೆರೆಯೂರಿನಿಂದ ಬಂದಿದ್ದ ನಡುವಯಸ್ಸಿನ ಹೆಂಗಸು. ನಮ್ಮ ಮಗನು ಅವರ ಮಾತಿನಲ್ಲಿ ಸೇರಿಕೊಂಡು, ನಮ್ಮನ್ನು ಸಂಸ್ಕೃತ ಪಂಡಿತರೆಂದು ಪರಿಚಯಿಸಿದನು. ವೃದ್ಧರು ಜರುಗಿ ಬೆಂಚಿನ ಮೇಲೆ ಸ್ಥಳ ಕೊಟ್ಟರು.

ವಾದದ ವಿಷಯವಿದು. ಅದೇ ಜುಲೈ 5ರಂದು ಆಸ್ಟನ್ನಿನ ವಿಲ್ಲಾ ಪಾರ್ಕ್ ಮೈದಾನದಲ್ಲಿ, ಸುಮಾರು 40,000 ಜನರ ಮುಂದೆ, ಓಜಿಯ ಕಡೆಯ ಕಚೇರಿ ನಡೆಯಿತು. ಮೆಟಾಲಿಕಾ ಮೊದಲಾದ ದೊಡ್ಡ ದೊಡ್ಡ ಮೇಳದವರು ಹಗಲೆಲ್ಲ ನುಡಿಸಿದ ಮೇಲೆ, ಕಂಪವಾತದಿಂದ ನಿಲ್ಲಲಾರದ ಆ ಮುದುಕನು ಸಿಂಹಾಸನದಂತಹ ಪೀಠದಲ್ಲಿ ಕುಳಿತು ಹಾಡಿದನು. ಇಪ್ಪತ್ತು ವರ್ಷಗಳ ಮೇಲೆ ಮೂಲದ ನಾಲ್ವರೂ ಒಂದು ವೇದಿಕೆಯ ಮೇಲೆ ಸೇರಿ ನಾಲ್ಕು ಹಾಡುಗಳನ್ನು ನಡೆಸಿದರು. ಹಾಗೆ ಹಾಡಬಹುದಾಗಿತ್ತೆ? ಹುಡುಗನು ಕೂಡದೆಂದನು. ತಾನು ಮನೆಯಲ್ಲಿ ಪರದೆಯ ಮೇಲೆ ನೋಡಿದೆನೆಂದೂ, ಶ್ರುತಿ ತಪ್ಪುತ್ತಿತ್ತೆಂದೂ, 1970ರ ಕಂಠವು ತಟ್ಟೆಯಲ್ಲಿ ಅಕ್ಷಯವಾಗಿರುವಾಗ ಜೀರ್ಣವಾದ ಕಂಠವನ್ನು ಲೋಕಕ್ಕೆ ತೋರಿಸುವುದು ಕ್ರೌರ್ಯವೆಂದೂ ವಾದಿಸಿದನು. ಇದು ಪೂರ್ವಪಕ್ಷ.

ವೃದ್ಧರು ನಕ್ಕರು. ಆ ಮೊದಲ ಆಲ್ಬಮ್ಮು ಹೇಗಾಯಿತೆಂಬುದನ್ನು ಬಲ್ಲೆಯಾ ಎಂದರು. 1969ರ ಅಕ್ಟೋಬರಿನಲ್ಲಿ ನಾಲ್ವರೂ ಒಂದು ಕೋಣೆಯಲ್ಲಿ ನಿಂತು, ರಾತ್ರಿಯ ಹೋಟಲುಗಳಲ್ಲಿ ನುಡಿಸುತ್ತಿದ್ದಂತೆಯೇ ನುಡಿಸಿ, ಒಂದೇ ದಿನದಲ್ಲಿ ಮುಗಿಸಿದರು. ಆದುದರಿಂದ ನೀನು ಪೂಜಿಸುವ ತಟ್ಟೆಯೂ ಒಂದು ಕಚೇರಿಯೇ ಹೊರತು ಬೇರೆಯಲ್ಲ. ಹುಡುಗನು ಸೋಲಲಿಲ್ಲ. ಅಯೋಮಿಯ ಬೆರಳನ್ನು ಎತ್ತಿಕೊಂಡನು. ಜ್ಯಾಂಗೊ 1953ರಲ್ಲಿಯೇ ಸತ್ತಿದ್ದನು. ಅಯೋಮಿಗೆ ಅವನ ಕಚೇರಿ ಸಿಕ್ಕುವಂತಿರಲಿಲ್ಲ. ಕೈಯನ್ನು ಮರಳಿ ಕೊಟ್ಟದ್ದು ತಟ್ಟೆಯಲ್ಲವೆ? ಯುಕ್ತಿಯ ಚೆಲುವನ್ನು ಕಂಡು ನಾವು ತಲೆದೂಗಿದೆವು. ವೃದ್ಧರು ಕಾಲುವೆಯನ್ನು ನೋಡುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ತಟ್ಟೆಯನ್ನು ಹಿಡಿದು ಅವನ ಬಳಿಗೆ ಒಬ್ಬ ಮನುಷ್ಯ ಬಂದನಲ್ಲ, ಅದನ್ನು ಯಾವ ಲೆಕ್ಕಕ್ಕೆ ಹಾಕುವೆ?" ಎಂದರು. ನ್ಯಾಯಶಾಸ್ತ್ರದಲ್ಲಿ ಇದನ್ನು ಛಲವೆನ್ನಬಹುದು. ನಮಗಂತೂ ಉತ್ತರವೆಂದೇ ತೋರಿತು.

ಹೆಂಗಸಿನ ಆಕ್ಷೇಪವು ಬೇರೆ. 2013ರಲ್ಲಿ "13" ಎಂಬ ಆಲ್ಬಮ್ಮು ಬಂದಿತು. ಓಜಿ ಸೇರಿ ಸ್ಯಾಬತ್ ಮಾಡಿದ ಸ್ಟುಡಿಯೊ ಆಲ್ಬಮ್ಮು 1978ರ ತರುವಾಯ ಅದೇ. ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಮೊದಲನೆಯ ಸ್ಥಾನಕ್ಕೇರಿತು. ಆದರೆ ಕರಾರಿನ ವಿಷಯದಲ್ಲಿ ಮನಸ್ತಾಪವಾಗಿ ಬಿಲ್ ವಾರ್ಡ್ ಅದರಲ್ಲಿಲ್ಲ. ಮೂರು ಕಾಲಿನ ಮಂಚದ ಮೇಲೆ ಮಲಗಿದಂತೆ ತನಗೆ ಅದನ್ನು ಕೇಳಿದಾಗಲೆಲ್ಲ ತೋರುವುದೆಂದು ಆಕೆ ಹೇಳಿದರು. ಹುಡುಗನಿಗೆ ಸಿಟ್ಟು ಬಂದಿತು. "ನನಗೆ ಆಗ ಹತ್ತು ವರ್ಷ. ನಾನು ಕೇಳಿದ ಮೊದಲನೆಯದೇ ಅದು. ಹಳಬರಿಗೆ ಹಳೆಯದುಂಟು, ನನಗೆ ಯಾವುದುಂಟು?" ನಮ್ಮ ಮಗನೂ ಬಾಯಿ ಹಾಕಿದನು. 2006ರಲ್ಲಿ ಐರನ್ ಮೇಡನ್ನಿನವರು ಹೊಸ ಆಲ್ಬಮ್ಮನ್ನು ಆದ್ಯಂತ ನುಡಿಸಿದಾಗ ಹಳೆಯದು ಬೇಕೆಂದು ಗೊಣಗಿದವರು ಎಷ್ಟೋ ಮಂದಿ. 2025ರ ಜೂನಿನಲ್ಲಿ ಈ ಊರಿಗೇ ಬಂದು 1992ರವರೆಗಿನ ಹಾಡುಗಳನ್ನಷ್ಟೇ ನುಡಿಸಿದಾಗ ಹೊಸತೇಕಿಲ್ಲವೆಂದು ಗೊಣಗಿದವರೂ ಉಂಟು. ಎಲ್ಲರೂ ನಕ್ಕರು. ಪುರಾಣವೆಂದ ಮಾತ್ರಕ್ಕೆ ಎಲ್ಲವೂ ಒಳ್ಳೆಯದಲ್ಲ, ನವ್ಯವೆಂದು ಹೀನವೂ ಅಲ್ಲ ಎಂಬ ತಗಾದೆ ನಮ್ಮ ಕಾವ್ಯಲೋಕದಲ್ಲಿಯೂ ಹಳೆಯದೇ. ಆದರೆ ಹೂಗೊಂಚಲು ಹಿಡಿದು ನಿಂತು ಅದನ್ನು ಚರ್ಚಿಸುವವರನ್ನು ನಾವು ಕಂಡಿರಲಿಲ್ಲ.

ಕಡೆಗೆ ವೃದ್ಧರು ಆ ದಿನದ ಮಾತಿಗೇ ಮರಳಿದರು. ಅವರು ಮೈದಾನದಲ್ಲಿದ್ದವರು. "ಅಮ್ಮಾ, ಮನೆಗೆ ಬರುತ್ತಿದ್ದೇನೆ" ಎಂಬರ್ಥದ ಹೆಸರುಳ್ಳ ಹಾಡಿನಲ್ಲಿ ಓಜಿಯ ಕಂಠವು ಒಡೆಯಿತು. ಜನರು ಅದನ್ನು ಎತ್ತಿಕೊಂಡರು. "ನಾವು ಅವನ ಮೇಲೆ ಹಾಡಲಿಲ್ಲ. ಅವನು ಬಿಟ್ಟ ಕಡೆ ಹಿಡಿದೆವು; ಅವನು ಮತ್ತೆ ಹಿಡಿದಾಗ ಬಿಟ್ಟೆವು. ಹದಿನೇಳು ದಿನಗಳಲ್ಲಿ ಹೋಗಿಬಿಟ್ಟ" ಎಂದರು. ಹುಡುಗನು ಮಾತನಾಡಲಿಲ್ಲ. ನಾವೂ ಮಾತನಾಡಲಿಲ್ಲ, ನಮ್ಮ ಮನಸ್ಸು ಬೇರೆಡೆಗೆ ಹೋಗಿತ್ತು.

ನಮಗೆ ಕಾವ್ಯವನ್ನು ಕಲಿಸಿದ ಗುರುಗಳು ದೊಡ್ಡ ಗಮಕಿಗಳು. ಕುಮಾರವ್ಯಾಸನ ಭಾರತವನ್ನು ಅವರು ವಾಚಿಸಿದರೆ ದೇವಸ್ಥಾನದ ಪ್ರಾಕಾರದಲ್ಲಿ ಸೂಜಿ ಬಿದ್ದರೂ ಕೇಳಿಸುತ್ತಿತ್ತು. 1999ರ ನವರಾತ್ರಿಯಲ್ಲಿ, ಎಂಬತ್ತು ದಾಟಿದ ಮೇಲೆ, ಕಣ್ಣು ಕಾಣದಿದ್ದರೂ ಬಾಯಿಪಾಠದಿಂದ ಕರ್ಣಪರ್ವವನ್ನು ವಾಚಿಸುವುದಾಗಿ ಒಪ್ಪಿಕೊಂಡರು. ವ್ಯಾಖ್ಯಾನಕ್ಕೆ ಪಕ್ಕದಲ್ಲಿ ನಾವು. ಅರ್ಧ ಗಂಟೆ ಚೆನ್ನಾಗಿ ನಡೆಯಿತು. ಆಮೇಲೆ ಒಂದು ಷಟ್ಪದಿಯ ನಡುವೆ ಧ್ವನಿ ನಿಂತುಹೋಯಿತು. ಸಭೆ ಕಾದಿತು. ಮುಂದಿನ ಸಾಲು ನಮಗೆ ಬರುತ್ತಿತ್ತು. ಅದನ್ನು ಮೆಲ್ಲನೆ ಎತ್ತಿಕೊಡುವುದನ್ನು ಬಿಟ್ಟು, ಅವರ ಮರ್ಯಾದೆಯನ್ನು ಉಳಿಸುವೆವೆಂದು ಭಾವಿಸಿ, ಗಟ್ಟಿಯಾಗಿ ವ್ಯಾಖ್ಯಾನವನ್ನಾರಂಭಿಸಿದೆವು. ಮುಗಿಸಿದವರೇ ಮಂಗಳಾರತಿಗೆ ಸನ್ನೆ ಮಾಡಿದೆವು. ಜನರು ನಮ್ಮ ಸಮಯಸ್ಫೂರ್ತಿಯನ್ನು ಹೊಗಳಿದರು. ಗುರುಗಳು ಮತ್ತೆ ಎಲ್ಲಿಯೂ ವಾಚಿಸಲಿಲ್ಲ. ಎರಡು ವರ್ಷ ಬದುಕಿದ್ದರು. ನಾವು ಹೋದಾಗಲೆಲ್ಲ ಮಳೆ ಬೆಳೆಯ ಮಾತನ್ನಾಡಿ ಕಳುಹಿಸುತ್ತಿದ್ದರು.

ಸೇತುವೆಯಿಂದ ಮನೆಗೆ ಮರಳುವಾಗ ಟ್ರ್ಯಾಮಿನಲ್ಲಿ ಇದನ್ನು ಮಗನಿಗೆ ಹೇಳಿದೆವು. ಅವನು ಕಿಟಕಿಯ ಕಡೆ ನೋಡುತ್ತ, "ನಾನೂ ಅಲ್ಲಿದ್ದೆ, ಅಪ್ಪ" ಎಂದನು. ಆಗ ಅವನು ಒಂಬತ್ತು ವರ್ಷದವನು, ವೇದಿಕೆಯ ಮುಂದೆಯೇ ಹುಡುಗರ ಸಾಲಿನಲ್ಲಿ ಕುಳಿತಿದ್ದನಂತೆ. "ಅಜ್ಜನವರು ಮರೆತಿರಲಿಲ್ಲ. ಉಸಿರು ತೆಗೆದುಕೊಳ್ಳುತ್ತಿದ್ದರು. ನೀವು ಶುರುಮಾಡಿದಾಗ ಬಾಯಿ ತೆರೆದಿದ್ದರು, ಆಮೇಲೆ ಮುಚ್ಚಿಕೊಂಡರು."

ಇಷ್ಟು ವರ್ಷ ಏಕೆ ಹೇಳಲಿಲ್ಲವೆಂದು ಕೇಳಿದೆವು. ನೀವು ಕೇಳಲಿಲ್ಲವಲ್ಲ ಎಂದನು.

ಆ ರಾತ್ರಿ ಊಟವಾದ ಮೇಲೆ ಜುಲೈ 5ರ ಆ ಹಾಡನ್ನು ತೋರಿಸೆಂದೆವು. ಶ್ರುತಿ ತಪ್ಪುತ್ತಿದ್ದುದು ನಿಜ. ಹುಡುಗನ ಪಕ್ಷದಲ್ಲಿ ಅಷ್ಟು ಸತ್ಯವುಂಟು. ಜನರು ಎತ್ತಿಕೊಂಡ ಕಡೆ ಮಗನು ಧ್ವನಿಯನ್ನು ಸ್ವಲ್ಪ ಹೆಚ್ಚಿಸಿದನು.