ಬೂಟಿನ ಕೆಳಗೆ ಗನ್

ಸೆಪ್ಟೆಂಬರ್ 16, 2024, ಸೋಮವಾರ

ಒತ್ತಡದ ನೀರಿನಿಂದ ಅಂಗಳ, ಗೋಡೆ ತೊಳೆಯುವ ಕೆಲಸಕ್ಕೆಂದು ಕೊಂಡ ಗಾಡಿ ಅಂಗಳಕ್ಕೆ ಬಂತು. ಹಳೆಯ ಟಾಟಾ ಏಸ್, ಎಂಜಿನ್ ಗಟ್ಟಿ, ಹಿಂದಿನ ಪಟ್ಟಿಗಳೂ ಸರಿಯಾಗಿವೆ. ಮಾರಿದವನು ಸಾವಿರ ಲೀಟರಿನ ತೊಟ್ಟಿ ಕೂರಿಸಿ ಎಂದ, ಎಲ್ಲರೂ ಹಾಗೇ ಮಾಡುತ್ತಾರಂತೆ. ಸಾವಿರ ಲೀಟರ್ ಎಂದರೆ ಒಂದು ಟನ್. ಈ ಗಾಡಿ ಹೊರಬೇಕಾದ್ದು ಮುಕ್ಕಾಲು ಟನ್.

ಊಟವಾದ ಮೇಲೆ ಕೂತು ಬರೆದೆ. ನೀರು 500 ಕೆಜಿ. ಎಂಜಿನ್, ಪಂಪು, ಅದನ್ನು ಹಿಡಿದಿಡುವ ಕಬ್ಬಿಣದ ಚೌಕಟ್ಟು ಸೇರಿ ಸುಮಾರು 90. ಪೈಪು, ಸುರುಳಿ, ಪೆಟ್ಟಿಗೆಗಳು 60. ಆಗಲೇ 650 ಆಯಿತು, ಪಕ್ಕದಲ್ಲಿ ಕೂರುವ ಹುಡುಗನ ತೂಕ ಇನ್ನೂ ಬಾಕಿ. ಹಾಗಾಗಿ 500 ಲೀಟರಿಗಿಂತ ಒಂದು ಬಿಂದಿಗೆಯೂ ಹೆಚ್ಚಿಲ್ಲ. ಅದನ್ನೂ ರಸ್ತೆಯಲ್ಲಿ ತುಂಬಿಕೊಂಡು ಓಡುವುದಿಲ್ಲ. ಅರ್ಧ ತುಂಬಿದ ತೊಟ್ಟಿ ತಿರುವಿನಲ್ಲಿ ಗಾಡಿಯನ್ನು ಮಗುಚಲು ನೋಡುತ್ತದೆ. ನೀರು ಒಂದು ಪಕ್ಕಕ್ಕೆ ನುಗ್ಗಿದ ಮೇಲೆ ಸ್ಟಿಯರಿಂಗ್ ನಮ್ಮ ಮಾತು ಕೇಳುವುದಿಲ್ಲ. ನಮ್ಮ ಕರಾವಳಿಯಲ್ಲಿ ಮನೆಗೊಂದು ಬಾವಿ, ಬಾವಿಗೊಂದು ಪಂಪು ಇರುವಾಗ ಖಾಲಿ ಹೋಗಿ ಅಲ್ಲೇ ತುಂಬಿಕೊಳ್ಳಬಹುದು. ನಮ್ಮ ಪಂಪು ನಿಮಿಷಕ್ಕೆ 15 ಲೀಟರ್ ಕುಡಿಯುತ್ತದೆ, 500 ಲೀಟರ್ ಅರ್ಧ ಗಂಟೆಗೆ ಮುಗಿಯುತ್ತದೆ. ತೊಟ್ಟಿ ಇರುವುದು ನೀರು ಹೊತ್ತು ತಿರುಗಲಿಕ್ಕಲ್ಲ, ಬಾವಿಯ ಪಂಪಿಗೂ ನಮ್ಮ ಪಂಪಿಗೂ ನಡುವೆ ನಿಲ್ಲಲಿಕ್ಕೆ. ಬಾವಿಯ ಪಂಪು ಒಂದು ಗಳಿಗೆ ಗಾಳಿ ಎಳೆದರೂ ನಮ್ಮದು ಒಣಗಬಾರದು.

ಕಾಗದಪತ್ರದ ವಿಷಯವನ್ನೂ ನೋಡಬೇಕು. ನೋಂದಣಿ ಪತ್ರದಲ್ಲಿ ನಮೂದಾಗಿರುವುದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ಗಾಡಿಯ ಒಡಲಿಗೆ ಬೆಸುಗೆ ಹಾಕಿಸುವುದಿಲ್ಲ. ಎಲ್ಲವೂ ಒಂದೇ ಚೌಕಟ್ಟಿನ ಮೇಲೆ ಕೂತು, ಬೋಲ್ಟ್ ಬಿಚ್ಚಿದರೆ ಸಾಮಾನಿನಂತೆ ಕೆಳಗಿಳಿಯಬೇಕು. ಶುರುಮಾಡುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿಬರುತ್ತೇನೆ.

ಸೆಪ್ಟೆಂಬರ್ 19, ಗುರುವಾರ

ಇಡೀ ದಿನ ವೆಲ್ಡಿಂಗ್ ಶಾಪಿನಲ್ಲಿ. ಮಳೆ ಬಿಟ್ಟು ಬಿಟ್ಟು ಹೊಯ್ಯುತ್ತಿತ್ತು.

ಸೀಮೆಸುಣ್ಣದಿಂದ ಗಾಡಿಯ ನೆಲದ ಮೇಲೆ ಗೆರೆ ಎಳೆದೆ. ತೊಟ್ಟಿ ಮುಂದೆ, ಕ್ಯಾಬಿನ್ನಿನ ಬೆನ್ನಿಗೆ ತಾಗಿಕೊಂಡು. ಭಾರ ಹಿಂದಿನ ಆಕ್ಸಲ್‌ಗಿಂತ ಮುಂದೆ ಇರಬೇಕು, ಬಾಲದಲ್ಲಿ ಭಾರವಾದರೆ ಏರಿನಲ್ಲಿ ಮುಂದಿನ ಚಕ್ರ ಹಗುರಾಗುತ್ತದೆ. ಎಂಜಿನ್ ಹಿಂದೆ, ಹೊಗೆಯ ಬಾಯಿ ಹೊರಮುಖವಾಗಿ. ವೆಲ್ಡರ್‌ಗೆ ಎಂಜಿನ್ ನಡುವೆ ಇಡುವುದು ಸುಲಭವಾಗಿತ್ತು. ಒಪ್ಪಲಿಲ್ಲ, ಹಾಗಿಟ್ಟರೆ ಹೊಗೆ ಕ್ಯಾಬಿನ್ನಿಗೂ ಪೈಪು ಸುತ್ತುವವನ ಮುಖಕ್ಕೂ ಬರುತ್ತದೆ. ಪೆಟ್ರೋಲ್ ಕ್ಯಾನಿಗೆ ಹೊಗೆಬಾಯಿಯಿಂದ ದೂರ, ಇನ್ನೊಂದು ಮೂಲೆಯಲ್ಲಿ ಗಾಳಿಯಾಡುವ ಗೂಡು.

ಪೈಪಿನ ಸುರುಳಿ ಎಡಕ್ಕೆ. ನಾವು ಗಾಡಿ ನಿಲ್ಲಿಸುವುದು ರಸ್ತೆಯ ಎಡಬದಿಗೆ. ಸುರುಳಿ ಬಲಕ್ಕಿದ್ದರೆ ಪೈಪು ಎಳೆಯುವವನು ಪ್ರತಿಸಲ ಬಸ್ಸಿನ ದಾರಿಗೆ ಬೆನ್ನು ಕೊಟ್ಟು ನಿಲ್ಲಬೇಕು. ನಮ್ಮ ಕಡೆ ಓಡುವ ಬಸ್ಸುಗಳ ವೇಗ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನೀರು ಚಿಮ್ಮಿಸುವ ಗನ್ನಿನ ಪೆಟ್ಟಿಗೆಗೇ ಹೆಚ್ಚು ಹೊತ್ತು ಹೋಯಿತು. ಮುಚ್ಚಳ ತೆರೆದರೆ ಮೊದಲು ಒಂದು ತಟ್ಟೆ. ತಟ್ಟೆಯಲ್ಲಿ ಬೂಟು, ಕೈಗವಸು, ಕಣ್ಣಿನ ಕವಚ, ಕಿವಿಯ ಮುಚ್ಚು. ಆ ತಟ್ಟೆಯನ್ನು ಎತ್ತಿ ನೆಲದ ಮೇಲಿಟ್ಟರೆ ಮಾತ್ರ ಕೆಳಗಿನ ಗನ್ ಕೈಗೆ ಸಿಗುತ್ತದೆ. ವೆಲ್ಡರ್ ಕೇಳಿದ, ದಿನಾ ಇಷ್ಟು ಎತ್ತಿಳಿಸುವುದು ಯಾಕೆ, ಬೂಟಿಗೆ ಬೇರೆ ಪೆಟ್ಟಿಗೆ ಮಾಡಿಕೊಡುತ್ತೇನಲ್ಲ ಎಂದು. ಬೇರೆ ಪೆಟ್ಟಿಗೆ ಮಾಡಿದರೆ ಅದು ತೆರೆಯುವುದೇ ಇಲ್ಲ. ಇಷ್ಟು ವರ್ಷ ಈ ಕೆಲಸದಲ್ಲಿ ನೋಡಿದ್ದೇನೆ. ಬೆಳಿಗ್ಗೆ ಎಲ್ಲರೂ ಜಾಗ್ರತೆಯವರೇ. ಸಂಜೆ ನಾಲ್ಕಕ್ಕೆ ಬೆನ್ನು ಸೋತು, ಇನ್ನೊಂದು ಚೂರು ಗೋಡೆ ಉಳಿದಿರುವಾಗ ಮನುಷ್ಯ ತನಗೆ ಹತ್ತಿರ ಇರುವುದನ್ನು ಮಾತ್ರ ಮಾಡುತ್ತಾನೆ. ಈ ಗಾಡಿಯಲ್ಲಿ ಯಾವುದು ಎಲ್ಲಿರಬೇಕು ಎಂದು ಆ ನಾಲ್ಕು ಗಂಟೆಯ ಮನುಷ್ಯನನ್ನು ಕೇಳಿ ಗೆರೆ ಎಳೆಯುತ್ತಿದ್ದೇನೆ.

ಕಣ್ಣು ತೊಳೆಯಲು 20 ಲೀಟರಿನ ಬೇರೆಯೇ ಕ್ಯಾನು, ನಲ್ಲಿ ಎದೆಮಟ್ಟದಲ್ಲಿ. ಅದಕ್ಕೆ ಬೀಗ ಇಲ್ಲ.

ಸೆಪ್ಟೆಂಬರ್ 24, ಮಂಗಳವಾರ

ಕೊಪ್ಪಳದ ಹುಡುಗ ಇವತ್ತಿನಿಂದ ಬರುತ್ತಿದ್ದಾನೆ. ಮುರಕಲ್ಲಿನ ಕೋರೆಯಲ್ಲಿ ದುಡಿದವನು, ಭಾರಕ್ಕೆ ಹೆದರುವವನಲ್ಲ. ಕಾಲಲ್ಲಿ ಹವಾಯಿ ಚಪ್ಪಲಿ. ನೀರಲ್ಲವಾ ಸರ್, ಎಂದ.

ನೀರೇ. ಆದರೆ 200 ಬಾರ್ ಒತ್ತಡದ ನೀರು ನಾಝಲ್ ಬಿಡುವಾಗ ಸೆಕೆಂಡಿಗೆ ಸುಮಾರು 200 ಮೀಟರ್ ವೇಗದಲ್ಲಿರುತ್ತದೆ, ಅಂದರೆ ಗಂಟೆಗೆ 720 ಕಿಲೋಮೀಟರ್. ನಿಮಿಷಕ್ಕೆ 15 ಲೀಟರ್ ಹಾಗೆ ಹೊರಟರೆ ಹಿಡಿದವನ ಕೈಯನ್ನು ಐದು ಕೆಜಿ ಭಾರದಷ್ಟು ಬಲ ಹಿಂದಕ್ಕೆ ತಳ್ಳುತ್ತದೆ. ನೆಲದ ಮೇಲೆ ಎರಡು ಕಾಲೂರಿ ನಿಂತವನಿಗೆ ಅದು ಏನೂ ಅಲ್ಲ. ಏಣಿಯ ಮೇಲಿನವನನ್ನು ಕೆಡವಲು ಅಷ್ಟೇ ಸಾಕು. ಹಾಗಾಗಿ ನಮ್ಮ ಗಾಡಿಯಲ್ಲಿ ಏಣಿಯೇ ಇಲ್ಲ. ಎತ್ತರಕ್ಕೆ ಉದ್ದನೆಯ ಕೋಲು, ಅದೂ ನೆಲದಿಂದ.

ನಾಝಲ್‌ಗಳ ಬಣ್ಣ ಕಲಿಸಿದೆ. ಕೆಂಪು ಸೊನ್ನೆ ಡಿಗ್ರಿ, ಹಳದಿ 15, ಹಸಿರು 25, ಬಿಳಿ 40, ಕಪ್ಪು ಸಾಬೂನಿಗೆ. ಕೆಂಪಿನಲ್ಲಿ ಅಷ್ಟೂ ಬಲ ಒಂದೇ ಬಿಂದುವಿಗೆ. ಹಳೆಯ ಹಲಗೆಯ ಮೇಲೆ ಹಿಡಿದು ತೋರಿಸಿದೆ, ಮರ ಸೀಳಿಕೊಂಡು ಹೋಯಿತು. ಹುಡುಗ ಮಾತಾಡದೆ ಚಪ್ಪಲಿ ಬಿಟ್ಟು ಬೂಟು ಹಾಕಿಕೊಂಡ. ಆ ಕೆಂಪು ನಾಝಲ್ ಮನೆಯ ಕಪಾಟಿನಲ್ಲಿರುತ್ತದೆ, ಗಾಡಿ ಹತ್ತುವುದಿಲ್ಲ. ನಮ್ಮ ಮುರಕಲ್ಲಿಗೆ ಬಿಳಿಯೇ ಸಾಕು, ಮೊಳದುದ್ದ ದೂರದಿಂದ. ಹತ್ತಿರ ಹಿಡಿದರೆ ಪಾಚಿಯ ಜೊತೆ ಕಲ್ಲಿನ ಮೈಯೂ ಉದುರುತ್ತದೆ.

ಬೂಟಿಗೆ ಇನ್ನೊಂದು ಕಾರಣವಿದೆ. ಮಳೆಗಾಲ ಮುಗಿದ ಅಂಗಳದ ಕೊಚ್ಚೆಯಲ್ಲಿ ಇಲಿಯ ಮೂತ್ರ ಇರುತ್ತದೆ. ಕಾಲಿನಲ್ಲಿ ಸಣ್ಣ ಗಾಯವಿದ್ದರೂ ಇಲಿಜ್ವರ ಒಳಗೆ ಬರುತ್ತದೆ. ಇದನ್ನು ಅವನಿಗೆ ಹೇಳುವ ಮೊದಲೇ ಅವನಿಗೆ ಗೊತ್ತಿತ್ತು. ಕೋರೆಯಲ್ಲಿ ಜೊತೆಗಿದ್ದವನೊಬ್ಬ ಆಸ್ಪತ್ರೆ ಸೇರಿದ್ದನಂತೆ.

ಅಕ್ಟೋಬರ್ 3, ಗುರುವಾರ

ನವರಾತ್ರಿ ಶುರು. ಕೆಲಸ ಇರಲಿಲ್ಲ. ಒಂದು ಚೀಟಿ ಬರೆದು ಲ್ಯಾಮಿನೇಟ್ ಮಾಡಿಸಿದೆ.

ಅದರ ಹಿಂದೆ ಮಸ್ಕತ್‌ನ ಒಂದು ಮಧ್ಯಾಹ್ನ ಇದೆ. ನಾನು ಅಲ್ಲಿ ದುಡಿಯುತ್ತಿದ್ದಾಗ ಯಾರ್ಡಿನಲ್ಲಿ ಜೊತೆಗಾರನೊಬ್ಬ ಪೈಪಿನ ಸಣ್ಣ ಸೋರಿಕೆಯನ್ನು ಬೆರಳಿನಿಂದ ತಡವಿ ಹುಡುಕಿದ. ಬೆರಳ ತುದಿಯಲ್ಲಿ ಸೂಜಿ ಚುಚ್ಚಿದಷ್ಟೇ ಗುರುತು. ಚಿಕಿತ್ಸಾಲಯದಲ್ಲಿ ಒರೆಸಿ ಪಟ್ಟಿ ಕಟ್ಟಿ ಕಳಿಸಿದರು. ಅವನು ಮತ್ತೆ ಕೆಲಸಕ್ಕೂ ನಿಂತ. ರಾತ್ರಿಗೆ ಕೈ ಮೊಣಕೈವರೆಗೆ ಬಾತು ಬೆಳ್ಳಗಾಯಿತು. ಮರುದಿನ ಕೊಯ್ದು ತೆರೆದರು. ಬೆರಳು ಉಳಿಯಲಿಲ್ಲ.

ಚರ್ಮವನ್ನು ತೂರಲು ಏಳು ಬಾರ್ ಒತ್ತಡವೂ ಸಾಕಾಗಬಹುದು. ನಮ್ಮದು 200. ನೀರು ಒಂದು ಚುಕ್ಕೆಯಲ್ಲಿ ಒಳಹೊಕ್ಕು ಸ್ನಾಯುರಜ್ಜುಗಳ ಗುಂಟ ಅಂಗೈಗೆ ಓಡುತ್ತದೆ, ಜೊತೆಯಲ್ಲಿ ಕೊಳೆಯನ್ನೂ ರೋಗಾಣುಗಳನ್ನೂ ಒಯ್ಯುತ್ತದೆ. ಒಳಗೆ ಊತ ಏರಿದಂತೆ ರಕ್ತ ಓಡಾಡದೆ ಮಾಂಸ ಸಾಯುತ್ತದೆ. ಹೊರಗೆ ಕಾಣುವುದು ಒಂದು ಚುಕ್ಕೆ, ನೋವೂ ಮೊದಲಿಗೆ ಅಷ್ಟಿಲ್ಲ. ಅದನ್ನು ನೋಡಿ ಯಾರಾದರೂ ಸಣ್ಣ ಗಾಯ ಎನ್ನುತ್ತಾರೆ. ಅದಕ್ಕೇ ಚೀಟಿ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಸಿದ್ದೇನೆ: ಇದು ಹೈ ಪ್ರೆಶರ್ ಇಂಜೆಕ್ಷನ್ ಗಾಯ, ಒತ್ತಡ ಇಷ್ಟು, ಒಳಹೊಕ್ಕಿದ್ದು ಇದು, ಗಾಯವಾದ ಸಮಯ ಇಷ್ಟು ಗಂಟೆ, ಈಗಲೇ ಶಸ್ತ್ರಚಿಕಿತ್ಸಕರು ನೋಡಬೇಕು. ಒಂದು ನನ್ನ ಪರ್ಸಿನಲ್ಲಿ, ಒಂದು ಹುಡುಗನ ಜೇಬಿನಲ್ಲಿ, ಒಂದು ಡ್ಯಾಶ್‌ಬೋರ್ಡಿಗೆ ಅಂಟಿಸಿದೆ.

ಸೋರಿಕೆ ಹುಡುಕಲು ರಟ್ಟಿನ ತುಂಡು. ಅದಕ್ಕೂ ಒಂದು ಜಾಗ ಮಾಡಿದ್ದೇನೆ, ಪಂಪಿನ ಪಕ್ಕದಲ್ಲೇ.

ಅಕ್ಟೋಬರ್ 11, ಶುಕ್ರವಾರ

ಆಯುಧಪೂಜೆ. ಚಕ್ರಕ್ಕೆ ನಿಂಬೆಹಣ್ಣು, ಗನ್ನಿಗೂ ಸೇವಂತಿಗೆ. ಹುಡುಗನಿಗೆ ಹೊಸ ಅಂಗಿ. ಅಮ್ಮ ಬೂಟುಗಳಿಗೂ ಕುಂಕುಮ ಇಟ್ಟಳು.

ಅಕ್ಟೋಬರ್ 16, ಬುಧವಾರ

ಹಳೆಯ ಮನೆ, ಮುರಕಲ್ಲಿನ ಪಾಗಾರ, ಇಂಟರ್‌ಲಾಕ್ ಹಾಕಿದ ಅಂಗಳ, ನಡುವೆ ಬಾವಿ. ನಾಲ್ಕು ತಿಂಗಳ ಮಳೆಯ ಪಾಚಿ ಕಪ್ಪಗೆ ಮೆತ್ತಿಕೊಂಡಿತ್ತು.

ಪಾಚಿಯನ್ನು ಒತ್ತಡದಿಂದ ಕೀಳಬಾರದು, ಮೊದಲು ಕೊಲ್ಲಬೇಕು. ಮೂವತ್ತು ಲೀಟರ್ ನೀರಿಗೆ ಒಂದು ಕೆಜಿ ಬ್ಲೀಚಿಂಗ್ ಪುಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿನೀರು ಮಾತ್ರ. ಅದನ್ನು ಪ್ಲಾಸ್ಟಿಕ್ಕಿನ ಕೈಪಂಪಿನಿಂದ ಚಿಮುಕಿಸಿ, ಒಣಗುವ ಮೊದಲು ತೊಳೆಯುವುದು. ದೊಡ್ಡ ಪಂಪಿನೊಳಗೆ ಬ್ಲೀಚಿಂಗ್ ಬಿಟ್ಟರೆ ಹಿತ್ತಾಳೆಯನ್ನೇ ತಿನ್ನುತ್ತದೆ. ಗಿಡಗಳಿಗೆ ಮೊದಲೂ ಕಡೆಗೂ ಬರೀ ನೀರು.

ಆದರೆ ಚಿಮುಕಿಸುವ ಮೊದಲು ಒಂದು ಪ್ರಶ್ನೆ ಇದೆ, ಅದನ್ನು ಕೇಳದೆ ನಾನು ಕ್ಯಾನಿನ ಮುಚ್ಚಳ ತೆಗೆಯುವುದಿಲ್ಲ: ಇಲ್ಲಿಗೆ ನೀವು ಏನಾದರೂ ಹಾಕಿದ್ದೀರಾ? ಮನೆಯೊಡತಿ ಹೇಳಿದರು, ತುಕ್ಕಿನ ಕಲೆ ಹೋಗಲಿ ಎಂದು ಬೆಳಿಗ್ಗೆಯಷ್ಟೇ ಆಸಿಡ್ ಹೊಯ್ದಿದ್ದಾರೆ, ಶೌಚಾಲಯಕ್ಕೆ ತರುವ ಆಸಿಡ್ಡೇ. ಅದು ಹೈಡ್ರೋಕ್ಲೋರಿಕ್ ಆಮ್ಲ. ಅದರ ಮೇಲೆ ಬ್ಲೀಚಿಂಗ್ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ. ಗಾಳಿಗಿಂತ ಎರಡೂವರೆ ಪಟ್ಟು ಭಾರ, ತಗ್ಗಿನಲ್ಲೇ ನಿಲ್ಲುತ್ತದೆ. ಆ ತಗ್ಗಿನಲ್ಲಿ, ಬಾವಿಕಟ್ಟೆಯ ಹತ್ತಿರ, ಅವರ ಮೊಮ್ಮಗು ಆಡುತ್ತಿತ್ತು. ಇವತ್ತು ಅಂಗಳಕ್ಕೆ ಬ್ಲೀಚಿಂಗ್ ಇಲ್ಲ ಎಂದೆ. ಬರೀ ನೀರಿನಲ್ಲಿ ತೊಳೆದು ಬಿಟ್ಟು, ಪಾಗಾರ ಮಾತ್ರ ಮುಗಿಸಿದೆವು. ನಮ್ಮ ಗಾಡಿಯಲ್ಲಿ ಆಸಿಡ್‌ಗೆ ಜಾಗವೇ ಇಲ್ಲ. ಎರಡೂ ಒಂದೇ ಗಾಡಿಯಲ್ಲಿದ್ದರೆ ಯಾವತ್ತಾದರೂ ಒಂದು ಗುಂಡಿಯಲ್ಲಿ ಎರಡೂ ಸೋರುತ್ತವೆ.

ಬಾವಿಯ ಸುತ್ತ ತೆಂಗಿನ ಕಡ್ಡಿಪೊರಕೆ ಮತ್ತು ಹುಡುಗನ ತೋಳು. ಮುರಕಲ್ಲು ನೀರನ್ನು ಹೀರಿ ಒಳಕ್ಕೆ ಬಿಡುವ ಕಲ್ಲು. ಬಾವಿಗೆ ಅಳತೆ ನೋಡಿ ಬ್ಲೀಚಿಂಗ್ ಹಾಕುವುದು ಬೇರೆ, ಗೋಡೆ ತೊಳೆದ ಕೊಳೆನೀರು ಅಳತೆಯಿಲ್ಲದೆ ಇಳಿಯುವುದು ಬೇರೆ.

ಅಕ್ಟೋಬರ್ 22, ಮಂಗಳವಾರ

ಮಣಿಪಾಲದ ಅಪಾರ್ಟ್‌ಮೆಂಟ್, ನೆಲಮಾಳಿಗೆಯ ಪಾರ್ಕಿಂಗ್. ಗಾಡಿ ಒಳಗೇ ತನ್ನಿ, ನೀರಿನ ನಲ್ಲಿ ಅಲ್ಲೇ ಇದೆ ಎಂದರು. ಪೆಟ್ರೋಲ್ ಎಂಜಿನ್ ಮುಚ್ಚಿದ ಜಾಗದಲ್ಲಿ ಓಡಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆಯಿಲ್ಲ. ತಲೆನೋವು, ಸುಸ್ತು, ಆಮೇಲೆ ಎದ್ದು ಹೊರಗೆ ನಡೆಯುವ ಬುದ್ಧಿಯೂ ಇರುವುದಿಲ್ಲ. ಗಾಡಿ ಮೇಲೆ ಗೇಟಿನ ಹೊರಗೆ, ಪೈಪು ಐವತ್ತು ಮೀಟರ್ ಕೆಳಗೆ. ಅಷ್ಟು ಉದ್ದದ ಪೈಪು ಕೊಳ್ಳುವಾಗ ಕೈ ನಡುಗಿತ್ತು, ಇವತ್ತು ಅದರ ಬೆಲೆ ಬಂತು.

ಕೆಳಗಿದ್ದ ನನಗೂ ಮೇಲಿದ್ದ ಹುಡುಗನಿಗೂ ಮಾತು ಕೇಳದು. ಫೋನಿನಲ್ಲಿ ಒಂದು ರಿಂಗ್ ಎಂದರೆ ಎಂಜಿನ್ ನಿಲ್ಲಿಸು. ಗನ್ ಬಿಟ್ಟಾಗ ನೀರು ಪಂಪಿನ ತಲೆಯಲ್ಲೇ ಸುತ್ತಿ ಬಿಸಿಯಾಗುತ್ತದೆ, ಎರಡು ಮೂರು ನಿಮಿಷ ಮೀರಿದರೆ ಸೀಲುಗಳಿಗೆ ಕುತ್ತು. ಎಂಜಿನ್ ನಿಂತ ಮೇಲೂ ಪೈಪಿನೊಳಗೆ ಒತ್ತಡ ಕೂತಿರುತ್ತದೆ. ಗನ್ ಒತ್ತಿ ಅದನ್ನು ಹೊರಬಿಟ್ಟೇ ಕಪ್ಲಿಂಗ್ ಬಿಚ್ಚಬೇಕು. ಇದನ್ನು ಹುಡುಗ ಈಗ ನನಗೇ ನೆನಪಿಸುತ್ತಾನೆ.

ಅಕ್ಟೋಬರ್ 26, ಶನಿವಾರ

ದೀಪಾವಳಿ ಹತ್ತಿರ ಬಂತು, ಫೋನು ಬಿಡುವಿಲ್ಲ. ಹಂಚಿನ ಮಾಡು ತೊಳೆಯಲು ಕೇಳಿದವರಿಗೆ ಇಲ್ಲ ಎಂದೆ. ಪಾಚಿ ಹಿಡಿದ ಇಳಿಜಾರು, ಕಾಲಿಟ್ಟರೆ ಒಡೆಯುವ ಹಂಚು, ಕೈಯಲ್ಲಿ ಹಿಂದಕ್ಕೆ ತಳ್ಳುವ ಗನ್, ಮೂಲೆಯಲ್ಲಿ ಕಂಬದಿಂದ ಬರುವ ಸರ್ವಿಸ್ ತಂತಿ. ಮನೆಯ ಮೇನ್ ಆರಿಸಿದರೂ ಆ ತಂತಿ ಸತ್ತಿರುವುದಿಲ್ಲ. ಅಲ್ಲಿಗೆ ಮಾಡು ಹತ್ತಿ ಗೊತ್ತಿರುವ ಕೆಲಸಗಾರರು ಬೇಕು, ಕೈಯಲ್ಲಿ ಹಂಚು ತೆಗೆದು ಉಜ್ಜುವವರು. ಅಂಥವರ ನಂಬರು ಕೊಟ್ಟೆ.

ನವೆಂಬರ್ 5, ಮಂಗಳವಾರ

ಒಬ್ಬರು ಮನೆ ತೊಳೆಸಿದ ಮೇಲೆ ತಗ್ಗಿದ ದನಿಯಲ್ಲಿ ಕೇಳಿದರು, ಹಿಂದೆ ಶೌಚದ ಗುಂಡಿ ಇದೆ, ನಿಮ್ಮಲ್ಲಿ ಪ್ರೆಶರ್ ಇದೆಯಲ್ಲ, ಹುಡುಗ ಇಳಿದು ಗೋಡೆ ತೊಳೆದುಬಿಟ್ಟರೆ ಹೇಳಿದಷ್ಟು ಕೊಡುತ್ತೇನೆ. ಹುಡುಗ ನನ್ನ ಮುಖ ನೋಡಿದ. ಹಬ್ಬಕ್ಕೆ ಊರಿಗೆ ಹೋಗಿ ಬಂದವನು, ಕೈ ಖಾಲಿ. ಹೂಂ ಎಂದಿದ್ದರೆ ಇಳಿಯುತ್ತಿದ್ದ.

ಅಂಥ ಗುಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬರುವುದು ಕಡಿಮೆ ಇದ್ದಾಗ. ಹೆಚ್ಚಾದರೆ ಅದು ಮೂಗನ್ನೇ ಕೊಲ್ಲುತ್ತದೆ, ವಾಸನೆ ಹೋಯಿತೆಂದು ಇಳಿದವನು ಅಲ್ಲೇ ಬೀಳುತ್ತಾನೆ, ಎತ್ತಲು ಹೋದವನೂ ಬೀಳುತ್ತಾನೆ. ರಕ್ಷಣೆಯ ಸಾಧನಗಳಿಲ್ಲದೆ ಮನುಷ್ಯನನ್ನು ಒಳಚರಂಡಿಗೋ ಶೌಚದ ಗುಂಡಿಗೋ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. 2014ರಲ್ಲಿ ಸುಪ್ರೀಂ ಕೋರ್ಟ್ ಒಳಚರಂಡಿಯ ಸಾವಿಗೆ ಹತ್ತು ಲಕ್ಷ ಪರಿಹಾರ ಎಂದಿತು, 2023ರ ಅಕ್ಟೋಬರಿನಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಮೊತ್ತ ಏರಿಸಬೇಕಾಗಿ ಬಂದಿತೆಂದರೆ ಆ ನಡುವೆಯೂ ಜನ ಸಾಯುತ್ತಲೇ ಇದ್ದರು. ಕೇಳಿದವರ ಮುಂದೆ ಇಷ್ಟನ್ನೂ ಹೇಳಿದೆ, ದನಿ ಏರಿತು, ಏರಲಿ. ಹೀರುವ ಯಂತ್ರದ ಗಾಡಿ ಕರೆಸಿ, ಮನುಷ್ಯನನ್ನು ಇಳಿಸಬೇಡಿ ಎಂದೆ. ಬರುವಾಗ ಹುಡುಗನಿಗೆ ಹೇಳಿದೆ, ನಾನಿಲ್ಲದಾಗ ಯಾರು ಕೇಳಿದರೂ, ನಾನೇ ಫೋನಿನಲ್ಲಿ ಹೇಳಿದರೂ ಇಳಿಯಬೇಡ. ಅವನ ಈ ತಿಂಗಳ ಸಂಬಳದ ಅರ್ಧ ಇವತ್ತೇ ಕೊಟ್ಟೆ.

ನವೆಂಬರ್ 17, ಭಾನುವಾರ

ಪೈಪನ್ನು ಅಂಗಳದಲ್ಲಿ ಉದ್ದಕ್ಕೆ ಹಾಸಿ ಒತ್ತಡವಿಲ್ಲದೆ ಇಂಚಿಂಚು ನೋಡಿದೆವು. ಗನ್ನಿನ ತುದಿಯ ಹತ್ತಿರ ಹೊರಗಿನ ರಬ್ಬರು ಸವೆದು ಒಳಗಿನ ಉಕ್ಕಿನ ನೂಲು ಕಾಣುತ್ತಿದೆ, ಇಂಟರ್‌ಲಾಕಿನ ಮೇಲೆ ಎಳೆದದ್ದರ ಫಲ. ಟೇಪು ಸುತ್ತಿದರೆ ಇನ್ನೊಂದು ತಿಂಗಳು ಬರುತ್ತದೆ ಎಂದು ಪಕ್ಕದ ಗ್ಯಾರೇಜಿನವರು. ಟೇಪು ಸವೆತವನ್ನು ಮುಚ್ಚುತ್ತದೆ, 200 ಬಾರ್ ಅನ್ನು ತಡೆಯುವುದಿಲ್ಲ. ಹುಡುಗ ಕತ್ತರಿಸುವ ಯಂತ್ರ ತಂದ. ಆ ಭಾಗವನ್ನು ತುಂಡು ತುಂಡು ಮಾಡಿ ಗುಜರಿಗೆ ಹಾಕಿದೆವು, ಯಾರೂ ಎತ್ತಿಕೊಂಡು ಮತ್ತೆ ಪಂಪಿಗೆ ಜೋಡಿಸಬಾರದೆಂದು. ಮಂಗಳೂರಿನಿಂದ ಹೊಸದು ಬುಧವಾರ ಬರುತ್ತದೆ. ಅಲ್ಲಿಯವರೆಗಿನ ಎರಡು ಮನೆಗಳಿಗೆ ಫೋನ್ ಮಾಡಿ ಗುರುವಾರ ಬರುತ್ತೇವೆ ಎಂದೆ. ಒಬ್ಬರು ಒಪ್ಪಿದರು, ಇನ್ನೊಬ್ಬರು ಬೇರೆಯವರನ್ನು ಕರೆಸಿಕೊಳ್ಳುತ್ತಾರಂತೆ.